ಮಂಗಳವಾರ ಹೋದರೆ ಯಾರು ಸಿಗುತ್ತಾರೆ?

"ಎದೆ ಡವಡವ ಅಂತದೆ, ಮೈಯೆಲ್ಲ ಬೆವರ್ತದೆ, ಈಗ ಸಾಯ್ತೇನೆ ಅಂತ ಒಬ್ಬರು ಹೆಂಗಸು ಹೇಳ್ತಾರೆ. ಮಂಗಳೂರಿಗೆ ಹೋಗಿ ಇಸಿಜಿ ಆಯ್ತು, ಎಕೋ ಆಯ್ತು, ಹೊಟ್ಟೆಗೆ ನಳಿಗೆ ಹಾಕಿ ನೋಡಿದ್ದೂ ಆಯ್ತು. ಎಲ್ಲ ನಾರ್ಮಲ್. ಇನ್ನು ಯಾರ ಹತ್ರ ಹೋಗಿ ಅಂತ ನಾನು ಹೇಳ್ಬೇಕು ಮೇಡಂ?"

ಕೇಳಿದವರು ಬಂಟ್ವಾಳ ತಾಲೂಕಿನ ಒಬ್ಬ ಆಶಾ ಕಾರ್ಯಕರ್ತೆ. ಉತ್ತರ ಹೇಳಬೇಕಾದವರು ಬೆಳ್ತಂಗಡಿ ಕಡೆಯಲ್ಲಿ ಹುಟ್ಟಿ ಬೆಳೆದು ಈಗ ಮಂಗಳೂರಿನಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ಅಂಗನವಾಡಿಯಲ್ಲಿ ಮಾನಸಿಕ ಆರೋಗ್ಯದ ಮಾಹಿತಿ ಸಭೆ ಆಗಷ್ಟೇ ಮುಗಿದಿತ್ತು. ಸಭೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಚಹಾದ ಲೋಟ ಕೈಗೆ ಬಂದ ಮೇಲೆ ಪ್ರಶ್ನೆಗಳು ಹೊರಗೆ ಬಂದವು.

"ಆ ಹೆಂಗಸು ಎಂತ ಕೆಲಸ ಮಾಡುದು ಅಕ್ಕ?"

"ಬೀಡಿ ಕಟ್ತಾರೆ. ಮೊದಲೆಲ್ಲ ಬೀಡಿ ಬ್ರಾಂಚಿಗೆ ಅವರೇ ಹೋಗಿ ಕೊಟ್ಟು ಬರ್ತಿದ್ದರು. ಒಂದು ದಿನ ಬಸ್ಸಲ್ಲಿ ಹೀಗಾಯ್ತು. ಆಮೇಲೆ ಬಸ್ ಹತ್ತುದೇ ಇಲ್ಲ. ಈಗ ಮಗಳನ್ನು ಕಳಿಸ್ತಾರೆ."

"ನೋಡದೆ ಹೆಸರು ಹೇಳ್ಲಿಕ್ಕೆ ಆಗುದಿಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡ್ಕೊಳ್ತದೆ, ರಕ್ತ ಕಡಿಮೆ ಇದ್ದರೂ ಹೊಡ್ಕೊಳ್ತದೆ. ಅದೆರಡೂ ಸರಿ ಉಂಟು ಅಂತಾದರೆ ಪ್ಯಾನಿಕ್ ಇರ್ಬಹುದು. ನಾವು ದಿನಾ ನೋಡುವ ತೊಂದರೆ ಅದು."

"ಹಾಗಾದರೆ ನಿಮ್ಮ ಹತ್ರ ಕಳಿಸಿದರೆ ಮಾತ್ರೆ ಕೊಡ್ತೀರಾ?"

"ಇಲ್ಲ. ಮಾತ್ರೆ ಬರೆಯುವವರು ಮನೋವೈದ್ಯರು. ಅವರು ಎಂಬಿಬಿಎಸ್ ಮುಗಿಸಿ, ಮೇಲೆ ಮನೋವೈದ್ಯಕೀಯ ಓದಿದ ಡಾಕ್ಟ್ರು. ನಾನು ಡಾಕ್ಟ್ರಲ್ಲ. ಸೈಕಾಲಜಿಯಲ್ಲಿ ಎಂಎಸ್ಸಿ ಮಾಡಿ, ಆಮೇಲೆ ಎರಡು ವರ್ಷ ಆಸ್ಪತ್ರೆಯಲ್ಲೇ ಇದ್ದು ಎಂಫಿಲ್ ಮಾಡಿದ್ದು. ಪರೀಕ್ಷೆ ಮಾಡುದು, ಮಾತಿನ ಮೂಲಕ ಚಿಕಿತ್ಸೆ ಕೊಡುದು ನನ್ನ ಕೆಲಸ."

ಈ ವ್ಯತ್ಯಾಸ ಗೊತ್ತಿಲ್ಲದೆ ಹಣ, ಸಮಯ ಎರಡನ್ನೂ ಕಳೆದುಕೊಂಡ ಮನೆಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಬೇಕಾದಷ್ಟಿವೆ. ಮನೋವೈದ್ಯರು ಒಬ್ಬರು, ಸೈಕಾಲಜಿಸ್ಟ್ ಇನ್ನೊಬ್ಬರು, ಆಪ್ತ ಸಮಾಲೋಚಕರು ಮತ್ತೊಬ್ಬರು. ಸಮಾಲೋಚಕರಲ್ಲಿ ಚೆನ್ನಾಗಿ ಕಲಿತವರೂ ಇದ್ದಾರೆ, ನಾಲ್ಕು ದಿನದ ತರಬೇತಿಯ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಬೇಕಾದರೆ 1992ರ ಕಾಯ್ದೆಯಡಿ ಇರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ಹೆಸರು ನೋಂದಣಿಯಾಗಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳುವ ಹಕ್ಕು ರೋಗಿಗೆ ಇದೆ. ಕೇಳಿದರೆ ಮರ್ಯಾದೆ ಕಡಿಮೆಯಾಗುವುದಿಲ್ಲ; ಸರಿಯಾಗಿ ಕಲಿತವರು ಸಂತೋಷದಿಂದ ತೋರಿಸುತ್ತಾರೆ.

"ಇದೆಲ್ಲ ಈಗ ಬಂದ ಓದು ಅಲ್ವಾ ಮೇಡಂ? ನಮ್ಮ ಕಾಲದಲ್ಲಿ ಕೇಳಿದ್ದೇ ಇಲ್ಲ."

"ಮೈಸೂರಿನಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಗಿತ್ತು ಅಕ್ಕ. ಕಟ್ಟಿದ್ದು ಎಂ.ವಿ. ಗೋಪಾಲಸ್ವಾಮಿಯವರು. ಮೈಸೂರಲ್ಲಿ ಆಕಾಶವಾಣಿ ಶುರು ಮಾಡಿದ್ದೂ ಅವರೇ, 1935ರಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಅದು ಅಲ್ಲಿನ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯ್ತು. ಇಡೀ ದೇಶಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ತಯಾರು ಮಾಡಿ ಕೊಟ್ಟದ್ದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ನಮ್ಮ ಹಳ್ಳಿಗೆ ಬಂದು ಮುಟ್ಟುವಾಗ ಮಾತ್ರ ಇಷ್ಟು ತಡ."

ಆಶಾ ಕಾರ್ಯಕರ್ತೆಗೆ ಇತಿಹಾಸಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು. "ಅಲ್ಲ, ಮಾತಾಡಿದರೆ ಗುಣ ಆಗ್ತದೆ ಅಂತ ನಾನು ಹೇಳಿದರೆ ಅವರ ಗಂಡ ನಂಬುದಿಲ್ಲ. ಮಾತಾಡ್ಲಿಕ್ಕೆ ಮನೆಯಲ್ಲಿ ನಾವಿಲ್ವಾ ಅಂತ ಕೇಳ್ತಾನೆ. ಒಳಗೆ ಎಂತ ಮಾಡ್ತೀರಿ ಅಂತ ನನಗಾದರೂ ಹೇಳಿ."

ಮುಚ್ಚಿದ ಬಾಗಿಲಿನ ಆಚೆ ನಡೆಯುವುದೇನು ಎಂದು ಗೊತ್ತಿಲ್ಲದಿರುವುದೇ ದೊಡ್ಡ ಹೆದರಿಕೆ. ಆದ್ದರಿಂದ ಸೈಕಾಲಜಿಸ್ಟ್ ಹೇಳಿದ್ದನ್ನು ಇಲ್ಲಿ ವಿವರವಾಗಿಯೇ ಕೊಡಬೇಕು.

ಮೊದಲ ಭೇಟಿ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಯಾವಾಗ ಶುರುವಾಯಿತು, ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಹಿಂದೆ ಕುಟುಂಬದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಕುಡಿತ ಇದೆಯೇ, ಸಾಲ ಇದೆಯೇ ಎಂದು ಕೇಳುತ್ತಾರೆ. ಅಗತ್ಯವಿದ್ದರೆ ಪ್ರಶ್ನಾವಳಿ ತುಂಬಿಸುತ್ತಾರೆ; ಮಕ್ಕಳಾದರೆ ಬುದ್ಧಿಶಕ್ತಿಯ ಅಥವಾ ಕಲಿಕಾ ನ್ಯೂನತೆಯ ಪರೀಕ್ಷೆ. ಕೊನೆಗೆ, ಇದು ಇಂಥ ತೊಂದರೆಯಂತೆ ಕಾಣುತ್ತದೆ, ಇಷ್ಟು ಸಲ ಬರಬೇಕಾದೀತು, ಮಾತ್ರೆಯೂ ಬೇಕೆನಿಸಿದರೆ ಮನೋವೈದ್ಯರನ್ನು ನೋಡಬೇಕು ಎಂದು ಹೇಳಬೇಕು. ಅಷ್ಟನ್ನೂ ಹೇಳದೆ 'ಮುಂದಿನ ವಾರ ಬನ್ನಿ' ಎಂದಷ್ಟೇ ಹೇಳಿ ಕಳಿಸಿದರೆ ರೋಗಿ ಕೇಳಿ ತಿಳಿದುಕೊಳ್ಳಬೇಕು.

"ನಿಮ್ಮ ಬೀಡಿಯ ಅಕ್ಕನಿಗೆ ಪ್ಯಾನಿಕ್ಕೇ ಅಂತ ಇಟ್ಟುಕೊಳ್ಳಿ. ಹೆದರಿಕೆ ಬಂದಾಗ ಎದೆ ಜೋರಾಗಿ ಹೊಡೀತದೆ, ಉಸಿರು ಮೇಲಿಂದ ಮೇಲೆ ಎಳೀತಾರೆ. ಹಾಗೆ ಎಳೆದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳೀತದೆ, ಕೈ ಜೋಮು ಹಿಡೀತದೆ, ತಲೆ ತಿರುಗ್ತದೆ. ಅದನ್ನು ನೋಡಿ 'ಹಾರ್ಟ್ ಅಟ್ಯಾಕೇ ಆಯ್ತು' ಅಂತ ಇನ್ನೂ ಹೆದರ್ತಾರೆ. ಹೆದರಿದಷ್ಟೂ ಎದೆ ಹೊಡೀತದೆ. ಇದು ಹೇಗೆ ಸುತ್ತು ಬರ್ತದೆ ಅಂತ ಮೊದಲು ಅವರಿಗೆ ಅರ್ಥ ಆಗ್ಬೇಕು. ಆಮೇಲೆ ಬಸ್ಸು."

"ಬಸ್ಸಾ?"

"ಹೌದು. ಬಸ್ ಬಿಟ್ಟದ್ದರಿಂದ ಆರಾಮ ಆಯ್ತು ಅಂತ ಅವರು ಅಂದ್ಕೊಂಡಿದ್ದಾರೆ. ಆದರೆ ಬಿಟ್ಟಷ್ಟೂ ಹೆದರಿಕೆ ಗಟ್ಟಿ ಆಗ್ತಾ ಹೋಗ್ತದೆ. ಅದಕ್ಕೆ ಮೆಟ್ಟಿಲು ಮಾಡ್ತೇವೆ. ಮೊದಲ ವಾರ ಬಿ.ಸಿ. ರೋಡಿನ ಸ್ಟ್ಯಾಂಡಿಗೆ ಹೋಗಿ ನಿಂತು ಬರುದು ಮಾತ್ರ. ಆಮೇಲೆ ಗಂಡನ ಜೊತೆ ಪಾಣೆಮಂಗಳೂರಿನವರೆಗೆ. ಆಮೇಲೆ ಒಬ್ಬರೇ ಮೆಲ್ಕಾರಿಗೆ. ಆಮೇಲೆ ಕಲ್ಲಡ್ಕ, ಮಾಣಿ. ಪ್ರತಿ ಸಲ ಎದೆ ಹೊಡೀತದೆ. ಹೊಡೆಯಲಿ. ಇಳಿಯದೆ ಕೂತರೆ ಸ್ವಲ್ಪ ಹೊತ್ತಲ್ಲಿ ತಾನಾಗಿ ಇಳೀತದೆ ಅಂತ ಅವರ ದೇಹವೇ ಅವರಿಗೆ ಕಲಿಸ್ಬೇಕು. ಮನೆಯವರು ಧೈರ್ಯ ಹೇಳುದಕ್ಕೂ ಇದಕ್ಕೂ ಅಷ್ಟು ವ್ಯತ್ಯಾಸ ಉಂಟು."

ಆಶಾ ಕಾರ್ಯಕರ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆದರೆ ಮೇಡಂ, ಅವರು ಮೊದಲು ಪ್ರಶ್ನೆ ಇಡಿಸಿದ್ದಾರೆ. ಮನೆಯ ದೈವಕ್ಕೆ ಸಲ್ಲಬೇಕಾದ್ದು ಸಂದಿಲ್ಲ ಅಂತ ಬಂದಿದೆ. ಅದನ್ನು ಬಿಡಿ ಅಂತ ನಾನು ಹೇಳಿದರೆ ನನ್ನನ್ನು ಗೇಟಿನ ಒಳಗೆ ಬಿಡ್ಲಿಕ್ಕಿಲ್ಲ."

"ಬಿಡಿ ಅಂತ ಯಾಕೆ ಹೇಳ್ಬೇಕು? ನಮ್ಮ ಮನೆಯಲ್ಲೂ ದೈವ ಉಂಟು."

ಇಲ್ಲಿ ಸೈಕಾಲಜಿಸ್ಟ್ ನೆನಪಿಸಿದ್ದು ಉಡುಪಿ ಕಡೆಯ ಕೋಟದಲ್ಲಿ ನಡೆದ ಅಧ್ಯಯನವನ್ನು. ಉಡುಪಿ ಇನ್ನೂ ದಕ್ಷಿಣ ಕನ್ನಡದೊಳಗೇ ಇದ್ದ ಕಾಲ. ಸ್ಕಾಟ್ಲೆಂಡಿನ ಮನೋವೈದ್ಯ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಭಾರತದ ಆರ್.ಎಲ್. ಕಪೂರ್ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳ ಜನರನ್ನು ಮಾತಾಡಿಸಿ, 1976ರಲ್ಲಿ 'ದ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕ ಪ್ರಕಟಿಸಿದರು. ವಿದೇಶದ ಪ್ರಶ್ನಾವಳಿಯನ್ನು ತಂದು ಇಲ್ಲಿನವರ ಮುಂದೆ ಹಿಡಿಯುವ ಬದಲು ಭಾರತದ ಜನಕ್ಕೆ ಹೊಂದುವಂಥದ್ದೊಂದನ್ನು ರೂಪಿಸಿದರು. ಅದನ್ನು ರೂಪಿಸಿದವರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಳವಿಕಾ ಕಪೂರ್ ಕೂಡ ಒಬ್ಬರು. ಮುಂದೆ ನಿಮ್ಹಾನ್ಸಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ದೀರ್ಘಕಾಲ ದುಡಿದವರು ಅವರು. ಕೋಟದಲ್ಲಿ ಕಂಡದ್ದೇನು? ಕಷ್ಟ ಬಂದವರು ವೈದ್ಯರ ಬಳಿ, ಮಂತ್ರವಾದಿಯ ಬಳಿ, ಪಾತ್ರಿಯ ಬಳಿ ಹೋಗುತ್ತಿದ್ದರು. ಇಂಗ್ಲಿಷ್ ಔಷಧಿಯ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಇದು ಒಂದಕ್ಕೊಂದು ವಿರೋಧ ಎಂದು ಅವರಿಗೆ ಅನ್ನಿಸಿರಲಿಲ್ಲ.

ಕೋಟದ ಜನರ ಆ ನಡೆಯಲ್ಲಿ ವಿವೇಕವಿದೆ. ನಂಬಿಕೆಯನ್ನು ಆಸ್ಪತ್ರೆಯ ಶತ್ರುವಾಗಿ ನಿಲ್ಲಿಸಿದರೆ ಸೋಲುವುದು ರೋಗಿ. ಆದರೆ ಒಂದು ಗೆರೆ ಎಳೆಯಲೇಬೇಕು, ಸೈಕಾಲಜಿಸ್ಟ್ ಅದನ್ನು ಮೆದುವಾಗಿಯೇ ಆದರೂ ಸ್ಪಷ್ಟವಾಗಿ ಎಳೆದರು.

"ಹರಕೆ ತೀರಿಸಲಿ, ಕೋಲ ಕೊಡಲಿ. ಕೋಲದ ದಿನ ಬರುವವರೆಗೆ ಆಸ್ಪತ್ರೆಗೆ ಹೋಗುದು ಬೇಡ ಅಂತ ಮಾತ್ರ ಆಗ್ಬಾರದು. ಇಲ್ಲದ ಸ್ವರ ಕೇಳ್ತದೆ ಅಂತ ಹೇಳುವವರು, ದಿನಗಟ್ಟಲೆ ನಿದ್ದೆ ಬಿಟ್ಟವರು, ಊಟ ಬಿಟ್ಟವರು, ಸಾಯುವ ಮಾತಾಡುವವರು, ಹೆರಿಗೆ ಆದ ಮೇಲೆ ಮಗುವನ್ನು ಮುಟ್ಟದ ಬಾಣಂತಿ, ಇವರು ಯಾರಿಗೂ ಕಾಯುವ ಸಮಯ ಇಲ್ಲ. ಇನ್ನೊಂದು, ಮಾತ್ರೆ ಶುರು ಮಾಡಿದ ಮೇಲೆ ಯಾರು ಹೇಳಿದರೂ ಡಾಕ್ಟ್ರನ್ನು ಕೇಳದೆ ನಿಲ್ಲಿಸ್ಬಾರದು."

"ಕರೆಂಟ್ ಕೊಡ್ತಾರೆ ಅಂತ ಹೆದರ್ತಾರೆ ಮೇಡಂ. ಒಳಗೆ ಹಾಕಿ ಬೀಗ ಹಾಕ್ತಾರೆ ಅಂತಲೂ."

"2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಉಂಟಲ್ಲ, 2018ರ ಮೇಯಿಂದ ಜಾರಿಯಲ್ಲಿ. ಸರಪಳಿ ಹಾಕುದು ಅದರಲ್ಲಿ ನಿಷೇಧ. ಅರಿವಳಿಕೆ ಕೊಡದೆ ಕರೆಂಟಿನ ಚಿಕಿತ್ಸೆ ಕೊಡುದೂ ನಿಷೇಧ. ಅದು ಬೇಕಾಗುದು ಕೆಲವು ತೀವ್ರ ಕಾಯಿಲೆಗಳಿಗೆ. ಆಗ ಅದು ಜೀವ ಉಳಿಸ್ತದೆ. ಬಸ್ಸಿಗೆ ಹೆದರುವವರಿಗೆ ಅಲ್ಲ. ನಮ್ಮಲ್ಲಿ ಬರುವ ಹೆಚ್ಚಿನವರು ಹೊರರೋಗಿಗಳು. ಬೆಳಿಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗ್ತಾರೆ."

ಅದೇ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿ ಮಾಡಿದೆ. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಹೇಳಿದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಕೇಳಿ ಪಡೆಯುವ ಸ್ಥಳ ಗೊತ್ತಿರಬೇಕು. ಆ ಪ್ರಶ್ನೆಯನ್ನು ಆಶಾ ಕಾರ್ಯಕರ್ತೆ ನೇರವಾಗಿ ಕೇಳಿದರು: "ಹತ್ತಿರದಲ್ಲಿ ಎಲ್ಲಿ?"

ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಅದರಡಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡು. ಬಂಟ್ವಾಳದವರಿಗೆ, ಬೆಳ್ತಂಗಡಿಯವರಿಗೆ ಮೊದಲ ಬಾಗಿಲು ಇದೇ. ಮೂಡುಬಿದಿರೆಯವರು ಅಲ್ಲಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಹೋಗುವ ಮೊದಲು ಫೋನ್ ಮಾಡಿ, ಆ ವಾರ ಡಾಕ್ಟರು ಬರುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕೆಂಬುದು ನಿಯಮ. ಈ ಕಾರ್ಯಕ್ರಮ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಪ್ರಯೋಗ ನಡೆಸಿತು. ಅದೇ ಮಾದರಿ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು.

"ಅಂದರೆ ಮಂಗಳವಾರ ಹೋದರೆ ನಿಮ್ಮಂಥವರು ಸಿಗುದಿಲ್ಲ, ಮಾತ್ರೆಯ ಡಾಕ್ಟ್ರು ಸಿಗ್ತಾರೆ."

"ಹೆಚ್ಚಾಗಿ ಹಾಗೇ. ಆದರೆ ಮೊದಲು ಅವರನ್ನೇ ನೋಡುದು ಒಳ್ಳೆದು. ದೇಹದ ಕಾಯಿಲೆ ಉಂಟಾ, ಮಾತ್ರೆ ಬೇಕಾ, ಮಾತಿನ ಚಿಕಿತ್ಸೆ ಸಾಕಾ ಅಂತ ಅವರು ಹೇಳ್ತಾರೆ. ನಮ್ಮ ಹತ್ರ ಕಳಿಸ್ಬೇಕಾದರೆ ಮಂಗಳೂರಿಗೆ ಬರೆದು ಕೊಡ್ತಾರೆ. ವೆನ್ಲಾಕ್ ಉಂಟು, 1848ರಿಂದ ಇರುವ ಸರ್ಕಾರಿ ಆಸ್ಪತ್ರೆ. ಕಂಕನಾಡಿಯಲ್ಲಿ, ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳು ಉಂಟು."

ಕೊಕ್ಕಡದಿಂದಲೋ ವೇಣೂರಿನಿಂದಲೋ ಮಂಗಳೂರಿಗೆ ವಾರಕ್ಕೊಮ್ಮೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಮಾತಿನ ಚಿಕಿತ್ಸೆಗೆ ಬೇಕಾದ್ದೇ ಮತ್ತೆ ಮತ್ತೆ ಬರುವುದು. ಇಡೀ ಜಿಲ್ಲೆಯ ತಂಡಕ್ಕೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಲೆಕ್ಕ ಯಾವ ರೀತಿಯಲ್ಲೂ ಸಾಲದು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದೆಂಬುದನ್ನು ಅವಲಂಬಿಸಿ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಒಬ್ಬ ಖಾಯಂ ಸೈಕಾಲಜಿಸ್ಟ್ ಬೇಕು ಎಂದು ಕೇಳುವುದು ದುರಾಸೆಯಲ್ಲ.

ಅಲ್ಲಿಯವರೆಗೆ ಉಪಯೋಗಕ್ಕೆ ಬರುವುದು 14416. ಟೆಲಿ ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಕೇಂದ್ರ. ಕರೆಗೆ ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ತಜ್ಞರಿಗೆ ಜೋಡಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಮಗ ಹಾಸ್ಟೆಲಿನಿಂದ ಫೋನ್ ಮಾಡಿ ಅತ್ತರೆ ತಾಯಿಗೆ ಕೂಡಲೇ ಒತ್ತಲು ಸಿಗುವ ಸಂಖ್ಯೆ ಇದು.

ಹಾಸ್ಟೆಲಿನ ಮಾತು ಬಂದದ್ದೇ ಆಶಾ ಕಾರ್ಯಕರ್ತೆಯ ಮುಖ ಬದಲಾಯಿತು. ಅವರ ತಂಗಿಯ ಮಗಳು ಮೂಡುಬಿದಿರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಆ ಊರಿನಲ್ಲಿ ಈಗ ರಾಜ್ಯದ ಮೂಲೆಮೂಲೆಯಿಂದ ಬಂದ ಮಕ್ಕಳು ಹಾಸ್ಟೆಲುಗಳಲ್ಲಿದ್ದಾರೆ. ಹದಿನಾರು ವರ್ಷಕ್ಕೆ ಮನೆ ಬಿಟ್ಟು, ಅಂಕಗಳ ಲೆಕ್ಕದಲ್ಲಿ ದಿನ ಕಳೆಯುವ ಮಕ್ಕಳು.

"ಅವಳು ಹೋಗಿ ನಿಮ್ಮಂಥವರ ಹತ್ರ ಮಾತಾಡಿದರೆ ಕಾಲೇಜಿಗೆ ಗೊತ್ತಾಗ್ತದಾ? ನಾಳೆ ಮದುವೆ ಮಾತುಕತೆಯ ಹೊತ್ತಲ್ಲಿ ಯಾರಾದರೂ ತೆಗೆದು ಹೇಳಿದರೆ?"

"ನಾವು ಹೇಳುವ ಹಾಗಿಲ್ಲ ಅಕ್ಕ. ಗುಟ್ಟು ಕಾಪಾಡುದು 2017ರ ಅದೇ ಕಾಯ್ದೆಯಲ್ಲಿ ಉಂಟು. ಹದಿನೆಂಟು ಆಗದವರಾದರೆ ಅಪ್ಪ ಅಮ್ಮನನ್ನು ಸೇರಿಸಿಕೊಳ್ಳಬೇಕಾಗ್ತದೆ. ಜೀವಕ್ಕೆ ಅಪಾಯ ಉಂಟು ಅಂತ ಕಂಡರೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ, ಅದನ್ನೂ ಮೊದಲೇ ಹೇಳ್ತೇವೆ. ಕಾಲೇಜಿನವರು ಬಂದು ಕೇಳಿದರೆ, ನೆರೆಮನೆಯವರು ಕೇಳಿದರೆ ಬಾಯಿ ಬಿಡುದಿಲ್ಲ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಅಂತಲೂ ಉಂಟು."

"ಒಂದು ಕೇಳ್ತೇನೆ, ತಪ್ಪು ತಿಳಿಯಬೇಡಿ. ಯಾರಾದರೂ ತುಂಬ ಬೇಜಾರಲ್ಲಿ ಇದ್ದರೆ, ಸಾಯಬೇಕು ಅಂತ ಅನ್ನಿಸ್ತದಾ ಅಂತ ನಾನು ನೇರ ಕೇಳ್ಬಹುದಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುದಿಲ್ವಾ?"

"ಆಗುದಿಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುದಿಲ್ಲ. ಎಷ್ಟೋ ಜನ, ಕೊನೆಗೂ ಒಬ್ಬರಾದರೂ ಕೇಳಿದರಲ್ಲ ಅಂತ ಅಳ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡ್ಬೇಡಿ. ತೋಟದ ಔಷಧಿ, ಮನೆಯ ಮಾತ್ರೆ ಎಲ್ಲ ಬೀಗದ ಒಳಗೆ ಹೋಗ್ಲಿ. ಆ ದಿನವೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಪ್ರಯತ್ನ ಮಾಡಿ ಉಳಿದವರಿದ್ದರೆ, ಪೊಲೀಸ್ ಕೇಸ್ ಆಗ್ತದೆ ಅಂತ ಹೆದರಿ ಮನೆಯಲ್ಲಿ ಅಡಗಿಸಿಡ್ಬೇಡಿ. ತೀವ್ರ ಒತ್ತಡದಲ್ಲಿ ಇದ್ದವರು ಅಂತ ಕಾನೂನೇ ಅವರನ್ನು ನೋಡ್ತದೆ. ಅವರಿಗೆ ಬೇಕಾದ್ದು ಆರೈಕೆ, ಶಿಕ್ಷೆ ಅಲ್ಲ ಅಂತ ಅದೇ ಕಾಯ್ದೆಯ 115ನೇ ಕಲಂ."

ಅಡಿಕೆ ತೋಟಗಳ ಈ ಸೀಮೆಯಲ್ಲಿ ಆ ಬೀಗದ ಮಾತನ್ನು ಪ್ರತಿ ಮನೆಯವರೂ ಕೇಳಿಸಿಕೊಳ್ಳಬೇಕು. ಸಾಯಬೇಕೆಂದು ಹಠಾತ್ತನೆ ಅನ್ನಿಸಿದ ಆ ಗಳಿಗೆಯನ್ನು ದಾಟಿದವರಲ್ಲಿ ಬಹಳ ಮಂದಿ ಮುಂದೆ ಬದುಕಿ ಬಾಳುತ್ತಾರೆ.

ಮುಂದೆ ಮಾತು ಕುಡಿತಕ್ಕೆ ಬಂತು. ಈ ವಿಷಯದಲ್ಲಿ ಬೆಳ್ತಂಗಡಿಗೆ ತನ್ನದೇ ಅನುಭವವಿದೆ. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿವೆ. ಬಿಟ್ಟವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಸೈಕಾಲಜಿಸ್ಟ್‌ಗೆ ಇದರ ಬಗ್ಗೆ ಗೌರವ. "ಬಿಟ್ಟ ಮೇಲೆ ಜೊತೆ ಕೂತುಕೊಳ್ಳುವವರು ಇರುದು ಉಂಟಲ್ಲ, ಅದರ ಬಲ ದೊಡ್ಡದು. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗ್ತದೆ, ಫಿಟ್ಸ್ ಬರ್ಬಹುದು, ಇಲ್ಲದ್ದೆಲ್ಲ ಕಾಣ್ಬಹುದು. ಜೀವಕ್ಕೇ ಅಪಾಯ. ಮೊದಲು ಡಾಕ್ಟ್ರು ನೋಡ್ಲಿ, ಆಮೇಲೆ ಶಿಬಿರ."

ಆಮೇಲೆ ಕೊಕ್ಕಡದ ಹೆಸರು ಎತ್ತಿದ್ದು ಆಶಾ ಕಾರ್ಯಕರ್ತೆಯೇ. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಪೆಟ್ಟು ತಿಂದ ಊರು. ಅಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರವಿದೆ. ಬುದ್ಧಿಮಾಂದ್ಯತೆಯ ಪ್ರಮಾಣಪತ್ರಕ್ಕೆ, ಅದರ ಮೂಲಕ ಮಾಸಾಶನಕ್ಕೆ ಸೈಕಾಲಜಿಸ್ಟ್ ಮಾಡುವ ಪರೀಕ್ಷೆ ಬೇಕು. "ಮಗುವಿನ ಪರೀಕ್ಷೆಗೆ ಅಂತ ಬರುವ ತಾಯಂದಿರನ್ನು ನಾನು ಒಂದು ಮಾತು ಕೇಳ್ತೇನೆ, ನಿಮಗೆ ನಿದ್ದೆ ಬರ್ತದಾ ಅಂತ. ಇಪ್ಪತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವವರನ್ನು ಅದುವರೆಗೆ ಯಾರೂ ಕೇಳಿರುದಿಲ್ಲ" ಎಂದರು ಸೈಕಾಲಜಿಸ್ಟ್.

ಬಸ್ಸಿನ ಹೊತ್ತಾಗುತ್ತಿತ್ತು. ಆಶಾ ಕಾರ್ಯಕರ್ತೆ ಪುಸ್ತಕ ತೆಗೆದು ಬರೆದುಕೊಳ್ಳಲು ಕುಳಿತರು. "ಮಂಗಳವಾರ ಬೀಡಿಯ ಅಕ್ಕನನ್ನು ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ. ಎಂತೆಲ್ಲ ಬೇಕು?"

"ಆಧಾರ್ ಕಾರ್ಡ್. ಹಳೆಯ ಚೀಟಿ, ಇಸಿಜಿ, ಎಕೋ ರಿಪೋರ್ಟ್ ಎಲ್ಲ, ಮತ್ತೊಮ್ಮೆ ಮಾಡಿಸಿ ದುಡ್ಡು ಹಾಳಾಗುದು ಬೇಡ. ಈಗ ತಿನ್ನುವ ಮಾತ್ರೆಯ ಶೀಟು ಇದ್ದರೆ ಅದು, ಆಯುರ್ವೇದದ್ದಾದರೂ ಪರವಾಗಿಲ್ಲ. ಬೆಳಿಗ್ಗೆಯೇ ಹೋಗಿ."

"ಗಂಡ ಬರ್ತೇನೆ ಅಂದರೆ?"

"ಬರ್ಲಿ, ಬರ್ಲೇಬೇಕು, ಬಸ್ಸಿನ ಮೆಟ್ಟಿಲಿಗೆ ಅವರೇ ಜೊತೆಗಾರರು. ಆದರೆ ಮೊದಲು ಅವರನ್ನು ಹೊರಗೆ ಕೂರಿಸಿ, ಹೆಂಗಸು ಒಬ್ಬರೇ ಒಳಗೆ ಹೋಗಿ ಮಾತಾಡ್ಲಿ."